ಡಿಸ್ಕ್ ಗಾಲ್ಫ್ ಆಟಕ್ಕೆ ಜಾರದ, ಬಾಳಿಕೆ ಬರುವ ಶೂ ಆರಿಸುವ ಬಗೆ

ಪ್ಲಾಸ್ಟಿಕ್ ತಟ್ಟೆಯನ್ನು ಎಸೆದೆಸೆದು ಕಂಬದ ಬ್ಯಾಸ್ಕೆಟ್‌ಗೆ ಬೀಳಿಸುವ ಆಟ ಡಿಸ್ಕ್ ಗಾಲ್ಫ್. ಹದಿನೆಂಟು ಬ್ಯಾಸ್ಕೆಟ್‌ಗಳ ಕೋರ್ಸಿನಲ್ಲಿ ಒಂದು ಸುತ್ತು ಆಡಿ ಮುಗಿಸುವಷ್ಟರಲ್ಲಿ ಐದಾರು ಕಿಲೋಮೀಟರ್ ನಡೆದಿರುತ್ತೇವೆ. ಆದರೂ ಈ ಆಟದಲ್ಲಿ ಶೂ ಹಾಳಾಗುವುದು ಮುಖ್ಯವಾಗಿ ನಡಿಗೆಯಿಂದಲ್ಲ. ಪ್ರತಿ ಬ್ಯಾಸ್ಕೆಟ್‌ಗೂ ಮೊದಲ ಎಸೆತಕ್ಕೆ ನಿಲ್ಲುವ, ಎರಡು ಮಾರು ಉದ್ದದ ಟೀ ಪ್ಯಾಡಿನ ಮೇಲೆ. ಅಲ್ಲಿ ಕೊನೆಯ ಹೆಜ್ಜೆ ಊರಿದ ಕ್ಷಣದಲ್ಲಿ ಮೈಭಾರವೆಲ್ಲ ಒಂದೇ ಪಾದದ ಮೇಲೆ ಬೀಳುತ್ತದೆ, ಅದೇ ಪಾದದ ಮೇಲೆ ದೇಹ ತಿರುಗುತ್ತದೆ, ಹಿಂದಿನ ಕಾಲಿನ ತುದಿ ಒರಟು ಕಾಂಕ್ರೀಟನ್ನು ಉಜ್ಜಿಕೊಂಡು ಬರುತ್ತದೆ. ಶೂ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಓಡುವುದಕ್ಕೋ, ನಡೆಯುವುದಕ್ಕೋ?’ ಎಂಬುದು. ಡಿಸ್ಕ್ ಗಾಲ್ಫ್ ಆಡುವವರಿಗೆ ಎರಡೂ ಸರಿಯಾದ ಉತ್ತರವಲ್ಲ. ಕೆಲಸಕ್ಕೆಂದು ಅಮೆರಿಕಕ್ಕೋ ಯುರೋಪಿಗೋ ಹೋಗಿ, ಮನೆಯ ಹತ್ತಿರದ ಪಾರ್ಕಿನಲ್ಲಿ ಈ ಆಟದ ರುಚಿ ಹತ್ತಿಸಿಕೊಂಡು, ಈಗ ಮೊದಲ ಬಾರಿಗೆ ಸರಿಯಾದ ಶೂ ಕೊಳ್ಳಲು ಹೊರಟಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಶೂ ವಿಷಯದಲ್ಲಿ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ಈ ಆಟದ ನೆಲ ಎಂಥದೆಂಬುದನ್ನು ನೆನಪಿಸಬೇಕು. ಫ್ರಿಸ್ಬೀ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಲಾ ಕನ್ಯಾಡಾ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸನ್ನು ರೂಪಿಸಿದರು. ಸರಪಳಿ ತೂಗುವ ಬ್ಯಾಸ್ಕೆಟ್ಟೂ ಅವರದೇ ಕಲ್ಪನೆ. ಪಿಡಿಜಿಎ ಎಂಬ ವೃತ್ತಿಪರ ಸಂಘವನ್ನು 1976ರಲ್ಲಿ ಕಟ್ಟಿದವರೂ ಅವರೇ. ಅಂದಿನಿಂದ ಇಂದಿನವರೆಗೆ ಹೆಚ್ಚಿನ ಕೋರ್ಸುಗಳು ಸಾರ್ವಜನಿಕ ಪಾರ್ಕುಗಳಲ್ಲಿವೆ, ಅದರಲ್ಲೂ ಬೇರೆ ಯಾವ ಆಟಕ್ಕೂ ಒಗ್ಗದ ಕೊರಕಲು, ಇಳಿಜಾರು, ಹೊಳೆಯಂಚು, ಮರಗಳ ನಡುವಿನ ಜಾಗಗಳಲ್ಲಿವೆ. ಚೆಂಡಿನ ಗಾಲ್ಫಿನಂತೆ ಇಲ್ಲಿ ಯಾರೂ ನೆಲವನ್ನು ಮಟ್ಟಮಾಡಿ, ಹುಲ್ಲನ್ನು ಒಪ್ಪವಾಗಿ ಕತ್ತರಿಸಿ ಇಟ್ಟಿರುವುದಿಲ್ಲ. ಕಾಂಕ್ರೀಟಿನ ಮೇಲೆ ನಿಂತು ಎಸೆದು, ಮರುಕ್ಷಣ ಬೇರು ಕಲ್ಲುಗಳ ಮೇಲೆ ಇಳಿಯಬೇಕು. ಈ ಎರಡು ನೆಲಗಳು ಶೂನಿಂದ ಬೇಡುವುದು ಬೇರೆ ಬೇರೆ ಗುಣಗಳನ್ನು.

ಮೊದಲ ಹೆಜ್ಜೆ: ನೀವು ಆಡುವ ನೆಲವನ್ನು ಗಮನಿಸಿ

ಶೂ ನೋಡುವುದಕ್ಕೆ ಮೊದಲು, ನೀವು ತಿಂಗಳಲ್ಲಿ ಹೆಚ್ಚು ಬಾರಿ ಆಡುವ ಕೋರ್ಸಿನ ಟೀ ಪ್ಯಾಡ್ ಯಾವುದರಿಂದ ಮಾಡಿದ್ದು ಎಂಬುದನ್ನು ಗಮನಿಸಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಕಾಣುವುದು ಕಾಂಕ್ರೀಟ್ ಪ್ಯಾಡ್. ಜಾರದಿರಲೆಂದು ಹಸಿ ಇರುವಾಗಲೇ ಅದರ ಮೇಲೆ ಪೊರಕೆ ಎಳೆದು ಗೆರೆ ಮೂಡಿಸಿರುತ್ತಾರೆ. ಈ ಗೆರೆಗಳು ಪಾದಕ್ಕೆ ಒಳ್ಳೆಯ ಹಿಡಿತ ಕೊಡುತ್ತವೆ, ಆದರೆ ಶೂನ ರಬ್ಬರನ್ನು ಅರದಂತೆ ತೇಯುತ್ತವೆ. ಫಿನ್ಲೆಂಡ್, ಸ್ವೀಡನ್, ಎಸ್ಟೋನಿಯಾಗಳಲ್ಲಿ ಕೃತಕ ಹುಲ್ಲಿನ ಹಾಸು ಹೆಚ್ಚು ಬಳಕೆಯಲ್ಲಿದೆ. ಅದು ಶೂಗೆ ಮೃದು, ಆದರೆ ಆಳವಾದ ಹಲ್ಲಿನ ಸೋಲ್ ಅದರಲ್ಲಿ ಕಚ್ಚಿಕೊಂಡುಬಿಡುತ್ತದೆ. ಕೆಲವೆಡೆ ರಬ್ಬರ್ ಚಾಪೆ ಇರುತ್ತದೆ. ಹಳೆಯದಾಗಿ, ಮೇಲೆ ತೆಳುವಾಗಿ ಕೆಸರು ಕೂತರೆ ಇದರಷ್ಟು ಜಾರುವ ನೆಲ ಇನ್ನೊಂದಿಲ್ಲ. ಇನ್ನು ಕೆಲವೆಡೆ ಬರಿಯ ಮಣ್ಣು.

ಅನಂತರ ಟೀ ಪ್ಯಾಡಿನಿಂದ ಆಚೆಗಿನ ನೆಲ. ಉತ್ತರ ಕ್ಯಾರೊಲೈನಾದ ಶಾರ್ಲೆಟ್ ಸುತ್ತಮುತ್ತ ಕೆಂಪು ಜೇಡಿಮಣ್ಣು. ಮಳೆ ಬಿದ್ದ ಮರುದಿನ ಅದು ಸೋಲಿಗೆ ಅಂಟಿ, ಹಲ್ಲುಗಳ ನಡುವಿನ ಸಂದೆಲ್ಲ ತುಂಬಿ, ಎಂಥ ಶೂವನ್ನೂ ಬೋಳಾಗಿಸುತ್ತದೆ. ಮಲೆನಾಡಿನ ಮಣ್ಣುರಸ್ತೆಯಲ್ಲಿ ನಡೆದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮ್ಯಾಸಚೂಸೆಟ್ಸಿನ ಲೆಸ್ಟರ್‌ನಲ್ಲಿರುವ ಮೇಪಲ್ ಹಿಲ್, ಕ್ರಿಸ್ಮಸ್ ಮರಗಳ ತೋಟದಲ್ಲಿ ರೂಪುಗೊಂಡ ಹೆಸರಾಂತ ಕೋರ್ಸು. ಅಲ್ಲಿ ಬೇರು, ಕಲ್ಲು ಮತ್ತು ಕೊಳಗಳದ್ದೇ ಕಾರುಬಾರು. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ಡೆಲವಿಯೇಗಾ ಕೋರ್ಸಿನಲ್ಲಿ ಬೇಸಿಗೆಯ ಒಣ ಇಳಿಜಾರಿನ ಮೇಲೆ ಸಡಿಲ ಧೂಳು ಮತ್ತು ಒಣಗಿದ ಎಲೆ ಕಾಲು ಜಾರಿಸುತ್ತವೆ. ಟೆಕ್ಸಸ್‌ನ ಆಸ್ಟಿನ್ ಕಡೆ ಸುಣ್ಣಕಲ್ಲಿನ ಚೂಪು ಅಂಚು, ಪಾದಕ್ಕೂ ಹೊರ ಸೋಲಿಗೂ ನಡುವಿನ ಮೆತ್ತಗಿನ ಪದರವಾದ ಮಿಡ್‌ಸೋಲನ್ನು ಕೊರೆಯುತ್ತದೆ. ಇವೆಲ್ಲಕ್ಕೂ ಒಂದೇ ಶೂ ಹೊಂದುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ನಿಮ್ಮ ಕೋರ್ಸಿನಲ್ಲಿ ವರ್ಷದ ಹೆಚ್ಚು ದಿನ ಇರುವ ನೆಲ ಯಾವುದೋ ಅದಕ್ಕೆ ತಕ್ಕ ಶೂ ಕೊಂಡು, ಉಳಿದ ದಿನಗಳಲ್ಲಿ ಎಚ್ಚರದಿಂದ ಆಡುವುದು ವಿವೇಕ.

ಎರಡನೆಯ ಹೆಜ್ಜೆ: ಹಳೆಯ ಶೂವನ್ನು ತಿರುಗಿಸಿ ಓದಿ

ಈವರೆಗೆ ಆಡಿದ ಶೂ ಎಷ್ಟೇ ಸಾಧಾರಣದ್ದಾಗಿರಲಿ, ಅದನ್ನು ಎಸೆಯುವ ಮುನ್ನ ಬೆಳಕಿನಲ್ಲಿ ತಿರುಗಿಸಿ ನೋಡಿ. ಬಲಗೈ ಆಟಗಾರರು ಎದೆಗೆ ಅಡ್ಡವಾಗಿ ಕೈ ಎಳೆದು ಬ್ಯಾಕ್‌ಹ್ಯಾಂಡ್ ಎಸೆಯುವಾಗ ಬಲಗಾಲು, ಅದರ ಹಿಂದಿನಿಂದ ದಾಟಿ ಬರುವ ಎಡಗಾಲು, ಮತ್ತೆ ಬಲಗಾಲು ಎಂಬ ಕ್ರಮದಲ್ಲಿ ಹೆಜ್ಜೆ ಹಾಕುತ್ತಾರೆ. ಇದನ್ನೇ ಎಕ್ಸ್-ಸ್ಟೆಪ್ ಎನ್ನುವುದು. ಕೊನೆಗೆ ಊರಿದ ಬಲಪಾದ ಗುರಿಗೆ ಹೆಚ್ಚು ಕಡಿಮೆ ಅಡ್ಡವಾಗಿ ಕೂರುತ್ತದೆ, ತಟ್ಟೆ ಕೈ ಬಿಟ್ಟ ಮೇಲೆ ಹಿಮ್ಮಡಿಯ ಮೇಲೋ ಮುಂಗಾಲಿನ ಮೇಲೋ ಸುತ್ತುತ್ತದೆ. ಆದ್ದರಿಂದ ಬಲ ಶೂನಲ್ಲಿ ಹೆಬ್ಬೆರಳ ಬುಡದ ಕೆಳಗೆ ಇಲ್ಲವೇ ಹಿಮ್ಮಡಿಯ ಕೆಳಗೆ ರೂಪಾಯಿ ನಾಣ್ಯದಷ್ಟಗಲ ನುಣುಪಾದ ಮಚ್ಚೆಯೊಂದು ಕಾಣುತ್ತದೆ. ಸುತ್ತಲಿನ ಹಲ್ಲುಗಳು ಹೊಸದರಂತಿದ್ದರೂ ಅಲ್ಲಿ ಮಾತ್ರ ರಬ್ಬರ್ ಬೋಳಾಗಿರುತ್ತದೆ. ಎಡ ಶೂನ ಕಥೆಯೇ ಬೇರೆ. ಅದರ ಸೋಲ್ ಚೆನ್ನಾಗಿಯೇ ಇದ್ದು, ತುದಿಯಲ್ಲಿ, ಹೆಬ್ಬೆರಳಿನ ಒಳಬದಿಗೆ, ರಬ್ಬರ್ ಮತ್ತು ಬಟ್ಟೆ ಕೂಡುವ ಕಡೆ ಹೊಲಿಗೆಯ ನೂಲು ಮೊದಲು ನವಿರೆದ್ದು, ಆಮೇಲೆ ತುಂಡಾಗಿ, ಕಡೆಗೆ ಬಟ್ಟೆಯೇ ತೂತಾಗಿರುತ್ತದೆ. ಫೋರ್‌ಹ್ಯಾಂಡ್ (ಅಂಗೈ ಮುಂದೆ ಮಾಡಿ, ಎಸೆಯುವ ಕೈಯ ಬದಿಯಿಂದಲೇ ಎಸೆಯುವುದು) ಹೆಚ್ಚು ಎಸೆಯುವವರಲ್ಲಿ ಮತ್ತು ಎಡಗೈ ಆಟಗಾರರಲ್ಲಿ ಇದು ಅದಲು ಬದಲಾಗುತ್ತದೆ.

ಈ ಗುರುತುಗಳು ಹೇಳುವುದನ್ನು ಕೇಳಿಯೇ ಮುಂದಿನ ಶೂ ಆರಿಸಬೇಕು. ತುದಿ ಮೊದಲು ಹರಿದಿದ್ದರೆ ನಿಮಗೆ ಬೇಕಾದದ್ದು ಗಟ್ಟಿ ಮುಂತುದಿ. ದುಬಾರಿ ಸೋಲಿಗೆ ಹಣ ಸುರಿದು ಪ್ರಯೋಜನವಿಲ್ಲ. ನುಣುಪು ಮಚ್ಚೆ ಬೇಗ ಬಿದ್ದಿದ್ದರೆ ಗಡುಸಾದ ರಬ್ಬರ್ ಬೇಕು. ಹೊರಬದಿಯ ಅಂಚು ಕುಸಿದು ಶೂ ವಾಲಿದ್ದರೆ, ಮಿಡ್‌ಸೋಲ್ ತೀರ ಮೆತ್ತಗಿತ್ತೆಂದು ಅರ್ಥ. ಆ ವಾಲುವಿಕೆ ಮುಂದೊಂದು ದಿನ ಕಾಲು ಉಳುಕುವುದಕ್ಕೆ ಕಾರಣವಾಗಬಹುದು.

ಮೂರನೆಯ ಹೆಜ್ಜೆ: ರಬ್ಬರ್ ಮತ್ತು ಹಲ್ಲು

ಹಿಡಿತ ಬರುವುದು ಎರಡು ಮೂಲಗಳಿಂದ. ಒಂದು ರಬ್ಬರಿನ ಗುಣ, ಇನ್ನೊಂದು ಲಗ್ ಎಂದು ಕರೆಯುವ ಸೋಲಿನ ಹಲ್ಲುಗಳ ಆಕಾರ. ಇವೆರಡನ್ನೂ ಬೆರೆಸಿಕೊಂಡು ‘ಹಲ್ಲು ಆಳವಿದ್ದಷ್ಟೂ ಹಿಡಿತ ಹೆಚ್ಚು’ ಎಂದುಕೊಳ್ಳುವುದು ಹೊಸಬರಲ್ಲಿ ಬಹಳ ಸಾಮಾನ್ಯ. ಹಲ್ಲುಗಳು ಕೆಲಸ ಮಾಡುವುದು ಅವು ಒಳಹೊಕ್ಕುವಂಥ ನೆಲದಲ್ಲಿ, ಅಂದರೆ ಕೆಸರು, ಸಡಿಲ ಮಣ್ಣು, ಹುಲ್ಲು, ಹಿಮಗಳಲ್ಲಿ. ಒದ್ದೆ ಬಂಡೆ, ಒದ್ದೆ ಕಾಂಕ್ರೀಟ್, ರಬ್ಬರ್ ಚಾಪೆಗಳಲ್ಲಿ ಅವು ಒಳಹೊಗಲಾರವು; ಅಲ್ಲಿ ನೆಲಕ್ಕೆ ತಾಗುವ ರಬ್ಬರಿನ ಅಗಲ ಮತ್ತು ಅದರ ಮೃದುತ್ವವೇ ನಿಮ್ಮನ್ನು ಹಿಡಿಯಬೇಕು. ಆಳವಾದ, ದೂರದೂರ ಇರುವ ಹಲ್ಲುಗಳ ಸೋಲಿನಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಹೀಗಾಗಿ ಕೆಸರಿನಲ್ಲಿ ರಾಜನಂತಿದ್ದ ಶೂ ಒದ್ದೆ ಟೀ ಪ್ಯಾಡಿನ ಮೇಲೆ ಆಟಗಾರನನ್ನು ಬೀಳಿಸುತ್ತದೆ.

ಅಂದಾಜಿಗೆ ಹೇಳುವುದಾದರೆ, ಒಣಗಿದ, ಸಮತಟ್ಟಾದ ಪಾರ್ಕ್ ಕೋರ್ಸಿಗೆ 2ರಿಂದ 3 ಮಿಲಿಮೀಟರ್ ಆಳದ ಹಲ್ಲು ಸಾಕು. ಎಲ್ಲ ಬಗೆಯ ನೆಲವೂ ಇರುವ ಕಡೆ 4ರಿಂದ 5 ಮಿಲಿಮೀಟರ್ ಹಿತವಾಗಿರುತ್ತದೆ. ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ವರ್ಷದಲ್ಲಿ ಆರು ತಿಂಗಳು ಮಳೆಯಿರುವ ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ಪಶ್ಚಿಮ ಭಾಗದಲ್ಲಿ ಮಾತ್ರ 6 ಮಿಲಿಮೀಟರಿಗೂ ಮೀರಿದ, ನಡುವೆ ವಿಶಾಲ ಸಂದುಗಳಿದ್ದು ಕೆಸರನ್ನು ತಾನಾಗಿ ಉದುರಿಸುವ ಸೋಲನ್ನು ಯೋಚಿಸಬಹುದು. ಹಲ್ಲುಗಳ ದಿಕ್ಕನ್ನೂ ನೋಡಿ. ಓಟದ ಶೂಗಳಲ್ಲಿ ಅವು ಮುಂದಕ್ಕೆ ತಳ್ಳುವಂತೆ ಬಾಣದ ಆಕಾರದಲ್ಲಿರುತ್ತವೆ. ಡಿಸ್ಕ್ ಗಾಲ್ಫಿನಲ್ಲಿ ಪಾದ ಊರುವುದು ಅಡ್ಡಡ್ಡವಾಗಿ, ಆದ್ದರಿಂದ ಎಲ್ಲ ದಿಕ್ಕಿಗೂ ಅಂಚುಳ್ಳ, ಪಾದದ ಹೊರಬದಿಯಲ್ಲೂ ಸಾಲಾಗಿ ಹಲ್ಲುಗಳಿರುವ ಸೋಲ್ ಒಳ್ಳೆಯದು.

ರಬ್ಬರಿನ ವಿಷಯಕ್ಕೆ ಬಂದರೆ, ಮೃದುವಾದದ್ದು ಹೆಚ್ಚು ಹಿಡಿಯುತ್ತದೆ ಮತ್ತು ಬೇಗ ಸವೆಯುತ್ತದೆ. ಗಡುಸಾದದ್ದು ಬಾಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ತಯಾರಕರೆಲ್ಲರ ಪರದಾಟ ಈ ಎರಡರ ನಡುವೆಯೇ. ವೈಬ್ರಾಮ್ ಕಂಪನಿಯ ಮೆಗಾಗ್ರಿಪ್, ಸಲೊಮನ್‌ನ ಕಾಂಟಾಗ್ರಿಪ್, ಅಡಿಡಾಸ್ ಟೆರೆಕ್ಸ್‌ನ ಹಲವು ಮಾದರಿಗಳಲ್ಲಿ ಬರುವ ಕಾಂಟಿನೆಂಟಲ್ ಟೈರ್ ಕಂಪನಿಯ ರಬ್ಬರ್ ಇವು ಒದ್ದೆಯಲ್ಲೂ ಹಿಡಿತ ಕೊಟ್ಟು ತಕ್ಕಮಟ್ಟಿಗೆ ಬಾಳುವ ಮಿಶ್ರಣಗಳೆಂದು ಹೆಸರು ಪಡೆದಿವೆ. ಆದರೆ ಸೋಲಿನ ಮೇಲೆ ವೈಬ್ರಾಮ್ ಎಂಬ ಹಳದಿ ಗುರುತು ಕಂಡ ಮಾತ್ರಕ್ಕೆ ಕೊಳ್ಳಬೇಡಿ; ಆ ಕಂಪನಿಯೇ ಹಲವು ಬಗೆಯ ರಬ್ಬರ್ ಮಾಡುತ್ತದೆ, ಕೆಲವು ಬಾಳಿಕೆಗಾಗಿಯೇ ಗಡುಸಾಗಿರುತ್ತವೆ. ಅಂಗಡಿಯಲ್ಲಿ ಹೆಬ್ಬೆರಳ ಉಗುರನ್ನು ಒಂದು ಹಲ್ಲಿಗೆ ಒತ್ತಿ ನೋಡಿ. ಉಗುರಿನ ಗುರುತು ಬಿದ್ದು ನಿಧಾನವಾಗಿ ಮಾಯವಾದರೆ ಮೃದು ರಬ್ಬರ್. ಗುರುತೇ ಬೀಳದಿದ್ದರೆ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ.

ಹಿಡಿತ ಮಿತಿ ಮೀರಿದರೆ ಆಗುವ ಅಪಾಯದ ಬಗ್ಗೆ ಶೂ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಸೆತದ ಕೊನೆಯಲ್ಲಿ ಸೊಂಟ, ಭುಜಗಳು ರಭಸದಿಂದ ತಿರುಗುತ್ತಿರುವಾಗ ಊರಿದ ಪಾದ ನೆಲಕ್ಕೆ ಕಚ್ಚಿಕೊಂಡು ಅಲ್ಲೇ ನಿಂತುಬಿಟ್ಟರೆ, ತಿರುಚುವ ಬಲವನ್ನೆಲ್ಲ ಮೊಣಕಾಲು ತಾಳಿಕೊಳ್ಳಬೇಕಾಗುತ್ತದೆ. ಮೊಣಕಾಲು ಮಡಚಲು ಮಾಡಿದ ಕೀಲೇ ಹೊರತು ತಿರುಚಲು ಮಾಡಿದ್ದಲ್ಲ. ಅದರೊಳಗಿನ ಮೆತ್ತೆಗೂ ಅಸ್ಥಿಬಂಧಕ್ಕೂ ಏಟು ಬೀಳುವುದು ಇಂಥ ಹೊತ್ತಿನಲ್ಲೇ. ಅಂದರೆ ಶೂ ಪಾದವನ್ನು ಊರುವಾಗ ಹಿಡಿಯಬೇಕು, ತಿರುಗುವಾಗ ಬಿಡಬೇಕು. ಮುಂಗಾಲಿನ ಉಬ್ಬಿನ ಕೆಳಗೆ ಚಪ್ಪಟೆಯಾದ, ದುಂಡನೆಯ ರಬ್ಬರ್ ಭಾಗವಿರುವ ಸೋಲ್ ಈ ಕಾರಣಕ್ಕೆ ಅನುಕೂಲ. ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಆಡಿ ಬಂದವರು ತಮ್ಮ ಸ್ಟಡ್ ಶೂಗಳನ್ನೇ ಇಲ್ಲಿಗೂ ಹಾಕಿಕೊಳ್ಳಲು ಮನಸ್ಸು ಮಾಡುವುದುಂಟು. ಕಾಂಕ್ರೀಟಿನ ಮೇಲೆ ಸ್ಟಡ್ ಜಾರುತ್ತದೆ, ಕೃತಕ ಹುಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎರಡೂ ಕೆಡುಕೇ.

ನಾಲ್ಕನೆಯ ಹೆಜ್ಜೆ: ಮುಂತುದಿ ಮತ್ತು ಮೇಲ್ಭಾಗ

ಬಾಳಿಕೆಯ ಪ್ರಶ್ನೆ ತೀರ್ಮಾನವಾಗುವುದು ಇಲ್ಲಿ. ಮುಂತುದಿಯಲ್ಲಿ ಹೊರ ಸೋಲಿನ ರಬ್ಬರೇ ಮೇಲಕ್ಕೆ ಮಡಚಿಕೊಂಡು ಬೆರಳುಗಳನ್ನು ಮುಚ್ಚುವಂತಿದ್ದರೆ ಅದು ಅತ್ಯುತ್ತಮ. ಮೇಲಿನಿಂದ ಬೇರೆಯಾಗಿ ಅಂಟಿಸಿದ ರಬ್ಬರ್ ತೊಪ್ಪಿಗೆ ಎರಡನೆಯ ದರ್ಜೆಯದು. ಅಂಟು ಬಿಟ್ಟ ದಿನ ಅದು ಬಾಯಿ ತೆರೆಯುತ್ತದೆ. ಬಟ್ಟೆಯ ಮೇಲೆ ತೆಳುವಾಗಿ ಒತ್ತಿದ ಪ್ಲಾಸ್ಟಿಕ್ ಲೇಪನ ನೋಡಲು ಗಟ್ಟಿ, ಆದರೆ ಕಾಂಕ್ರೀಟಿನ ಮುಂದೆ ಹೆಚ್ಚು ದಿನ ನಿಲ್ಲದು. ರಬ್ಬರ್ ಹೆಬ್ಬೆರಳಿನ ಒಳಬದಿಯವರೆಗೂ ಸುತ್ತಿಬಂದಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಿ, ಏಕೆಂದರೆ ಕಾಲು ಎಳೆದುಕೊಳ್ಳುವಾಗ ನೆಲಕ್ಕೆ ಉಜ್ಜುವುದು ಆ ಬದಿಯೇ. ಹೊಲಿಗೆಗಳು ಆ ಜಾಗದಲ್ಲಿ ಹೊರಗೆ ಕಾಣುತ್ತಿದ್ದರೆ ಆ ಮಾದರಿಯನ್ನು ಕೆಳಗಿಡಿ.

ಮೇಲ್ಭಾಗಕ್ಕೆ ಅಗಲ ಕಣ್ಣಿನ ಜಾಲರಿ ಬಟ್ಟೆ ಹಗುರ, ತಂಪು. ಆದರೆ ಮುಳ್ಳು, ಮುರಿದ ಕೊಂಬೆ ತಾಗಿದರೆ ಹರಿಯುತ್ತದೆ. ಒತ್ತಾಗಿ ನೇಯ್ದ ನೈಲಾನ್ ಬಟ್ಟೆಗೆ ಅಲ್ಲಲ್ಲಿ ಚರ್ಮ ಅಥವಾ ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನ ಪಟ್ಟಿ ಸೇರಿಸಿದ ಶೂಗಳು ಬಾಳಿಕೆ ಮತ್ತು ತೂಕಗಳ ನಡುವೆ ಒಳ್ಳೆಯ ಹೊಂದಾಣಿಕೆ. ಹಿಮ್ಮಡಿ ಕೂರುವ ಬಟ್ಟಲನ್ನು ಎರಡು ಬೆರಳಿನಿಂದ ಹಿಸುಕಿ. ಸುಲಭವಾಗಿ ಮಡಚಿಕೊಂಡರೆ ಅದು ಅಡ್ಡ ಎಳೆತವನ್ನು ತಡೆಯಲಾರದು. ಶೂನ ಎರಡು ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸ್ವಲ್ಪ ತಿರುಚಿಕೊಂಡು ಬಿಗಿಯಾಗಿ ನಿಲ್ಲಬೇಕು.

ಪಾದದ ಕೀಲನ್ನು ಮುಚ್ಚುವ ಎತ್ತರದ ಬೂಟು ಬೇಕೇ ಎಂಬ ಬಗ್ಗೆ ಆಟಗಾರರಲ್ಲಿ ಎರಡು ಮಾತಿದೆ. ಕಲ್ಲು ತುಂಬಿದ ಕೋರ್ಸಿನಲ್ಲಿ ಗೀರುಗಾಯ ತಪ್ಪಿಸಲು ಅದು ಒಳ್ಳೆಯದೇ. ಆದರೆ ಕಾಲು ಉಳುಕದಂತೆ ತಡೆಯುವಲ್ಲಿ, ನೆಲಕ್ಕೆ ಹತ್ತಿರವಾದ, ಅಗಲ ತಳದ, ಗಡುಸು ಮಿಡ್‌ಸೋಲಿನ ತಗ್ಗು ಶೂ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ದಪ್ಪ ಫೋಮಿನ ಓಟದ ಶೂ ಈ ಆಟಕ್ಕೆ ಹೊಂದದಿರುವುದೂ ಇದೇ ಕಾರಣಕ್ಕೆ: ಅಡ್ಡ ಊರಿದ ಪಾದದ ಕೆಳಗೆ ಆ ಫೋಮು ಒಂದು ಬದಿಗೆ ಕುಸಿಯುತ್ತದೆ, ಕಾಲು ಹೊರಕ್ಕೆ ಹೊರಳುತ್ತದೆ.

ಐದನೆಯ ಹೆಜ್ಜೆ: ಯಾವ ಜಾತಿಯ ಶೂ

ಇಷ್ಟನ್ನು ತಿಳಿದ ಮೇಲೆ ಅಂಗಡಿಯ ಯಾವ ಸಾಲಿನ ಮುಂದೆ ನಿಲ್ಲಬೇಕೆಂಬುದು ಸುಲಭವಾಗುತ್ತದೆ. ಕಾಡಿನ ಕೋರ್ಸಿಗೆ ಟ್ರೇಲ್ ರನ್ನಿಂಗ್ ಶೂ ಅಥವಾ ತಗ್ಗು ಹೈಕಿಂಗ್ ಶೂ. ಅಮೆರಿಕದಲ್ಲಿ ಇವಕ್ಕೆ ಸುಮಾರು 120ರಿಂದ 160 ಡಾಲರ್ ಬೆಲೆಯಿದೆ. ಟ್ರೇಲ್ ಶೂ ಹಗುರ ಮತ್ತು ಚುರುಕು, ಹೈಕಿಂಗ್ ಶೂ ಭಾರ ಮತ್ತು ದೀರ್ಘಾಯು. ಮೆರೆಲ್ ಮೋಆಬ್‌ನಂಥ ಹೈಕಿಂಗ್ ಶೂಗಳನ್ನು ಕೋರ್ಸುಗಳಲ್ಲಿ ಅಷ್ಟೊಂದು ಕಾಣುವುದಕ್ಕೆ ಅವುಗಳ ಗಟ್ಟಿ ಮುಂತುದಿಯೇ ಕಾರಣವಿರಬೇಕು. ಈ ಆಟಕ್ಕೆಂದೇ ರೂಪಿಸಿದ ಶೂಗಳೂ ಈಗ ಬಂದಿವೆ. ಇಡಿಯೊ ಸ್ಪೋರ್ಟ್ಸ್ ಕಂಪನಿಯ ಸಿಂಕ್ರಸಿ ಅವುಗಳಲ್ಲೊಂದು. ಆದರೆ ಇವನ್ನು ಅಂಗಡಿಯಲ್ಲಿ ಹಾಕಿ ನೋಡುವ ಅವಕಾಶ ಎಲ್ಲೆಡೆ ಇಲ್ಲ.

ಹೆಚ್ಚು ಜನ ಯೋಚಿಸದ ಒಂದು ಆಯ್ಕೆ ಟೆನಿಸ್ ಶೂ. ಸರ್ವ್ ಮಾಡುವಾಗ ಹಿಂಗಾಲಿನ ತುದಿ ನೆಲಕ್ಕೆ ಉಜ್ಜುವುದು ಟೆನಿಸ್ಸಿನಲ್ಲೂ ಇದೆ. ಆದ್ದರಿಂದ ಅವುಗಳ ಮುಂತುದಿಗೆ ಒಳಬದಿಯವರೆಗೆ ಗಟ್ಟಿ ರಬ್ಬರ್ ಹೊದಿಸಿರುತ್ತಾರೆ. ಅಡ್ಡ ಚಲನೆಗೆ ತಕ್ಕ ಅಗಲ ತಳ, ಗಟ್ಟಿ ಅಂಕಣಕ್ಕೆ ತಕ್ಕ ರಬ್ಬರ್, ಮುಂಗಾಲಿನಲ್ಲಿ ಸುತ್ತಲು ಅನುಕೂಲವಾದ ಚಪ್ಪಟೆ ವಿನ್ಯಾಸ ಎಲ್ಲವೂ ಅವುಗಳಲ್ಲಿವೆ. ಕೆಲವು ಮಾದರಿಗಳ ಹೊರ ಸೋಲಿಗೆ ತಯಾರಕರು ಆರು ತಿಂಗಳ ಖಾತರಿಯನ್ನೂ ಕೊಡುತ್ತಾರೆ. ನಿಮ್ಮ ಕೋರ್ಸು ಒಣ ಹುಲ್ಲಿನ, ಸಮತಟ್ಟಾದ ಪಾರ್ಕಾಗಿದ್ದರೆ ಟೆನಿಸ್ ಶೂಗಿಂತ ಒಳ್ಳೆಯದು ಸಿಗುವುದು ಕಷ್ಟ. ಒದ್ದೆ ಹುಲ್ಲಿನ ಇಳಿಜಾರಿಗೆ ಮಾತ್ರ ಅದನ್ನು ಕೊಂಡೊಯ್ಯಬೇಡಿ.

ಆರನೆಯ ಹೆಜ್ಜೆ: ನೀರು

ಗೋರ್-ಟೆಕ್ಸ್‌ನಂಥ ಪೊರೆಯಿರುವ ಶೂ ಬೆಳಗಿನ ಇಬ್ಬನಿಯ ಹುಲ್ಲಿನಲ್ಲಿ, ಚಳಿಗಾಲದ ಕೆಸರಿನಲ್ಲಿ ಕಾಲನ್ನು ಒಣದಾಗಿಡುತ್ತದೆ. ಆದರೆ ನೀರು ಮೇಲಿನ ಬಾಯಿಯಿಂದ ಒಳಗೆ ಬಂದರೆ ಅದೇ ಪೊರೆ ಅದನ್ನು ಹೊರಗೆ ಬಿಡುವುದಿಲ್ಲ, ಒಣಗಲು ದಿನಗಟ್ಟಲೆ ಬೇಕಾಗುತ್ತದೆ. ಟೆಕ್ಸಸ್, ಜಾರ್ಜಿಯಾಗಳ ಬೇಸಿಗೆಯಲ್ಲಿ ಕಾಲು ಅದರೊಳಗೆ ಬೆವರಿನಿಂದಲೇ ತೊಯ್ಯುತ್ತದೆ. ಚಳಿ ಮತ್ತು ತೇವ ಎರಡೂ ಇರುವಲ್ಲಿ ಪೊರೆಯ ಶೂ, ಬೇಸಿಗೆಯಲ್ಲಿ ಬೇಗ ಒಣಗುವ ಸಾದಾ ಶೂ, ಜೊತೆಗೆ ಚೀಲದಲ್ಲಿ ಒಂದು ಜೊತೆ ಒಣ ಉಣ್ಣೆ ಕಾಲುಚೀಲ ಎಂಬುದು ಸರಳ ಸೂತ್ರ. ಈಶಾನ್ಯ ಅಮೆರಿಕದಲ್ಲಿ ಆಡುವವರು ಉದ್ದನೆಯ ಕಾಲುಚೀಲವನ್ನೇ ಹಾಕಿಕೊಳ್ಳಲಿ. ಅಲ್ಲಿ ಪೊದೆಗಳಲ್ಲಿ ರಕ್ತ ಹೀರುವ ಉಣುಗಿನ ಕಾಟವಿದೆ, ಲೈಮ್ ಕಾಯಿಲೆ ಹರಡುವುದು ಅದರಿಂದಲೇ.

ಏಳನೆಯ ಹೆಜ್ಜೆ: ಅಳತೆ ಮತ್ತು ಅಂಗಡಿಯ ಪರೀಕ್ಷೆ

ಊರಿನಿಂದ ಹೊಸದಾಗಿ ಬಂದವರು ಮೊದಲು ಎಡವುವುದು ನಂಬರಿನಲ್ಲಿ. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆ. ಗಂಡಸರ ಅಮೆರಿಕನ್ ನಂಬರು ಸಾಮಾನ್ಯವಾಗಿ ಅದಕ್ಕಿಂತ ಒಂದು ಹೆಚ್ಚು, ಅಡಿಡಾಸ್‌ನಲ್ಲಿ ಅರ್ಧ ಹೆಚ್ಚು. ಊರಿನಲ್ಲಿ 8 ಹಾಕುತ್ತಿದ್ದವರು ಅಲ್ಲಿ 9ರಿಂದ ನೋಡಲು ಶುರು ಮಾಡಬೇಕು. ಉದ್ದಕ್ಕಿಂತ ಅಗಲ ಇನ್ನೂ ಮುಖ್ಯ. ಬಾಲ್ಯವನ್ನು ಬರಿಗಾಲಿನಲ್ಲೋ ಹವಾಯಿ ಚಪ್ಪಲಿಯಲ್ಲೋ ಕಳೆದ ಅನೇಕರ ಪಾದ ಮುಂಭಾಗದಲ್ಲಿ ಅಗಲವಾಗಿರುತ್ತದೆ. ಗಂಡಸರ ಶೂಗಳಲ್ಲಿ ಡಿ ಎಂಬುದು ಸಾಮಾನ್ಯ ಅಗಲ, 2ಇ ಮತ್ತು 4ಇ ಅಗಲದವು. ಕಿರುಬೆರಳು ಒತ್ತುವ ಶೂವನ್ನು ‘ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ’ ಎಂದು ಕೊಳ್ಳುವ ನಮ್ಮ ಹಳೆಯ ರೂಢಿಯನ್ನು ಇಲ್ಲಿ ಬಿಡಬೇಕು. ಇಂದಿನ ಕೃತಕ ಬಟ್ಟೆಯ ಶೂಗಳು ಚರ್ಮದ ಶೂಗಳಂತೆ ಹಿಗ್ಗುವುದಿಲ್ಲ.

ಸಂಜೆಯ ಹೊತ್ತು, ಕಾಲು ತುಸು ಊದಿಕೊಂಡಿರುವಾಗ, ಆಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಬೆರಳುಗಳ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗವಿರಬೇಕು, ಹಿಮ್ಮಡಿ ಮೇಲೇಳಬಾರದು. ಲೇಸ್ ಬಿಗಿದು, ತಟ್ಟೆಯಿಲ್ಲದೆಯೇ ನಿಮ್ಮ ಎಕ್ಸ್-ಸ್ಟೆಪ್ ಹಾಕಿ. ಅಂಗಡಿಯಲ್ಲಿ ಇತರರು ವಿಚಿತ್ರವಾಗಿ ನೋಡಿದರೆ ನೋಡಲಿ. ಪಾದ ಅಡ್ಡ ಊರಿದಾಗ ಶೂನೊಳಗೆ ಕಾಲು ಹೊರಬದಿಗೆ ಸರಿದರೆ, ಶೂ ಎಷ್ಟು ಚೆನ್ನಾಗಿ ನೆಲ ಹಿಡಿದರೂ ಪ್ರಯೋಜನವಿಲ್ಲ. ಜಾರುವುದು ಒಳಗೇ ನಡೆಯುತ್ತದೆ. ಇಳಿಜಾರಿನ ಹಲಗೆಯಿದ್ದರೆ ಮುಖ ಕೆಳಗೆ ಮಾಡಿ ನಿಂತು, ಬೆರಳು ಮುಂದಕ್ಕೆ ತಾಗುತ್ತದೆಯೇ ನೋಡಿ.

ಪಟ್ ಮಾಡುವ, ಅಂದರೆ ಹತ್ತಿರದಿಂದ ಬ್ಯಾಸ್ಕೆಟ್ಟಿಗೆ ಎಸೆಯುವ ಭಂಗಿಯನ್ನೂ ಪರೀಕ್ಷಿಸಿ. ಪಿಡಿಜಿಎ ನಿಯಮದಂತೆ ನೆಲದಲ್ಲಿ ಬಿದ್ದ ತಟ್ಟೆಯ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಒಂದು ಪಾದವಾದರೂ ಊರಿರಬೇಕು. ಬ್ಯಾಸ್ಕೆಟ್ಟಿನಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಸಮತೋಲ ಸಾಧಿಸಿ ತೋರಿಸದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಇಳಿಜಾರಿನ ಸಡಿಲ ಮಣ್ಣಿನಲ್ಲಿ ಮುಂಗಾಲು ಒಂದಿಷ್ಟು ಜಾರಿದರೆ ಸರಪಳಿಗೆ ಬಿದ್ದ ಪಟ್ಟಿಗೂ ಒಂದು ದಂಡದ ಎಸೆತ ಸೇರಬಹುದು. ಒಂದೇ ಕಾಲಿನ ಮೇಲೆ ಬಾಗಿ ನಿಂತಾಗ ಶೂ ಅಲುಗಾಡದೆ ನಿಲ್ಲಿಸುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ತಿಳಿದುಕೊಳ್ಳಿ.

ಎಂಟನೆಯ ಹೆಜ್ಜೆ: ಹಾಕುವ ಮೊದಲೇ ಕವಚ ತೊಡಿಸಿ

ಹೊಸ ಶೂ ತಂದ ದಿನವೇ ಮಾಡಬೇಕಾದ ಕೆಲಸವಿದು. ಹರಿದ ಮೇಲೆ ಮಾಡಿದರೆ ಅದು ಬರಿಯ ತೇಪೆ. ಬೇಸ್‌ಬಾಲ್ ಪಿಚರ್‌ಗಳ ಹಿಂಗಾಲು ಕೂಡ ನೆಲಕ್ಕೆ ಉಜ್ಜುವುದರಿಂದ, ಅವರಿಗಾಗಿ ಟಫ್ ಟೋ ಎಂಬ ಪಾಲಿಯುರೆಥೇನ್ ಅಂಟು ಬಹುಕಾಲದಿಂದ ಮಾರಾಟದಲ್ಲಿದೆ. ಸ್ಕೇಟ್‌ಬೋರ್ಡ್ ಆಡುವವರು ಶೂ ಗೂ ಎಂಬ ಶೂ ದುರಸ್ತಿಯ ಅಂಟನ್ನು ಬಳಸುತ್ತಾರೆ. ಎರಡೂ ನಮಗೆ ಒಪ್ಪುತ್ತವೆ. ಮೊದಲು ಹಳೆಯ ಶೂನಲ್ಲಿ ಎಲ್ಲಿ ಹರಿದಿತ್ತೋ ಅದೇ ಜಾಗವನ್ನು ಹೊಸದರಲ್ಲಿ ಗುರುತಿಸಿಕೊಳ್ಳಿ. ಸುತ್ತ ಟೇಪ್ ಅಂಟಿಸಿ, ಒಳಗಿನ ಜಾಗವನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ಅನಂತರ ಅಂಟನ್ನು ತೆಳುವಾಗಿ ಹರಡಿ. ದಪ್ಪವಾಗಿ ಹಚ್ಚಿದರೆ ಬೆರಳು ಮಡಚುವ ಕಡೆ ಬಿರುಕು ಬಿಡುತ್ತದೆ. ಟೇಪನ್ನು ಅಂಟು ಹಸಿ ಇರುವಾಗಲೇ ಬಿಡಿಸಬೇಕು. ಶೂ ಗೂ ಪೂರ್ತಿ ಗಟ್ಟಿಯಾಗಲು 24ರಿಂದ 72 ಗಂಟೆ ಹಿಡಿಯುತ್ತದೆ, ಆವರೆಗೆ ಅವಸರ ಬೇಡ. ವಾಸನೆ ಕಟುವಾಗಿರುವುದರಿಂದ ಈ ಕೆಲಸವನ್ನು ಮನೆಯ ಹೊರಗೆ ಮಾಡಿ. ಒಂದು ಎಚ್ಚರಿಕೆ: ಅಂಟು ಹಚ್ಚಿದ ಶೂವನ್ನು ಅಂಗಡಿಯವರು ಹಿಂದೆ ತೆಗೆದುಕೊಳ್ಳಲಿಕ್ಕಿಲ್ಲ. ಆದ್ದರಿಂದ ಮನೆಯೊಳಗೆ ಒಂದೆರಡು ದಿನ ಹಾಕಿ ನಡೆದಾಡಿ, ಅಳತೆ ಸರಿಯೆಂದು ಖಾತ್ರಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ.

ಎಸೆಯುವ ರೀತಿಯನ್ನೂ ಸ್ವಲ್ಪ ಗಮನಿಸಿ. ಭಾರ ಮುಂದಿನ ಕಾಲಿಗೆ ಸರಿಯಾಗಿ ದಾಟಿದ್ದರೆ ಹಿಂಗಾಲು ಹಗುರವಾಗಿ ಮೇಲೆದ್ದು ಬರುತ್ತದೆ. ಅದು ಬಲವಾಗಿ ಉಜ್ಜುತ್ತಿದ್ದರೆ ಭಾರ ಇನ್ನೂ ಹಿಂದೆಯೇ ಉಳಿದಿದೆ ಎಂದರ್ಥ. ಶೂನ ತುದಿ ಹರಿಯುವುದು ಎಷ್ಟೋ ಬಾರಿ ಎಸೆತದ ದೋಷದ ಕುರುಹು.

ಚಳಿಗಾಲಕ್ಕೆ ಬೇರೆ ಲೆಕ್ಕ

ಮಿನ್ನೆಸೋಟ, ಮಿಷಿಗನ್, ಫಿನ್ಲೆಂಡ್ ಕಡೆ ಹಿಮದಲ್ಲೂ ಆಡುತ್ತಾರೆ. ಚಳಿಗೆ ರಬ್ಬರ್ ಗಡುಸಾಗುವುದರಿಂದ ಬೇಸಿಗೆಯಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಸೋಲೇ ಜನವರಿಯಲ್ಲಿ ಜಾರುತ್ತದೆ. ಮಂಜುಗಡ್ಡೆಯ ಮೇಲೆ ಯಾವ ರಬ್ಬರನ್ನೂ ನಂಬುವಂತಿಲ್ಲ, ಲೋಹದ ಮೊನೆಯೇ ಬೇಕು. ಶೂ ಮೇಲೆ ಎಳೆದು ಹಾಕಿಕೊಳ್ಳುವ ಯಾಕ್‌ಟ್ರ್ಯಾಕ್ಸ್, ಮೈಕ್ರೊಸ್ಪೈಕ್‌ಗಳು ಅಗ್ಗ; ಸ್ವೀಡನ್ನಿನ ಐಸ್‌ಬಗ್ ಕಂಪನಿ ಸೋಲಿನಲ್ಲೇ ಮೊನೆಗಳಿರುವ ಶೂ ಮಾಡುತ್ತದೆ. ಮೊನೆ ಹಾಕಿದ ದಿನ ಓಡಿ ಬಂದು ಎಸೆಯುವುದನ್ನು ಬಿಟ್ಟು, ನಿಂತಲ್ಲಿಂದಲೇ ಎಸೆಯಿರಿ. ಕಚ್ಚಿಕೊಂಡ ಮೊನೆ ಪಾದವನ್ನು ತಿರುಗಲು ಬಿಡುವುದಿಲ್ಲ, ಮೊಣಕಾಲಿನ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ಇಮ್ಮಡಿ ನಿಜ. ಕೃತಕ ಹುಲ್ಲಿನ ಟೀ ಪ್ಯಾಡಿಗೂ ಮೊನೆಗಳಿಂದ ಹಾನಿಯಾಗುತ್ತದೆ.

ಆರೈಕೆ ಮತ್ತು ನಿವೃತ್ತಿ

ಆಟ ಮುಗಿದ ಕೂಡಲೇ, ಮಣ್ಣು ಒಣಗುವ ಮುನ್ನ, ಹಲ್ಲುಗಳ ಸಂದಿನ ಕೆಸರನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಒದ್ದೆ ಶೂನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಹೀಟರಿನ ಮುಂದೆ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಇಟ್ಟರೆ ಅಂಟು ಮೆದುವಾಗಿ ಸೋಲ್ ಬಿಡುತ್ತದೆ. ವಾರಕ್ಕೆ ಎರಡು ಮೂರು ಬಾರಿ ಆಡುವವರು ಎರಡು ಜೊತೆ ಇಟ್ಟುಕೊಂಡು ಸರದಿಯಲ್ಲಿ ಹಾಕಿದರೆ ಎರಡೂ ಪೂರ್ತಿ ಒಣಗಲು ಸಮಯ ಸಿಗುತ್ತದೆ. ಟೀ ಪ್ಯಾಡಿಗೆ ಹತ್ತುವ ಮುನ್ನ ಸೋಲನ್ನು ಟವೆಲಿನಿಂದ ಒರೆಸುವುದನ್ನೂ, ಪ್ಯಾಡಿನ ಮೇಲಿನ ಪೈನ್ ಸೂಜಿ, ಮರಳುಗಳನ್ನು ಕಾಲಿನಿಂದ ಸರಿಸುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಎಷ್ಟು ದುಬಾರಿ ಶೂ ಇದ್ದರೂ ಒಣ ಪೈನ್ ಎಲೆಗಳ ಮೇಲೆ ಅದು ನಿಲ್ಲದು.

ಊರಿಗೆ ಮರಳುವಾಗ ಶೂ ತಂದು ಅಟ್ಟದ ಮೇಲೆ ಕಟ್ಟಿಡುವವರಿಗೆ ಒಂದು ಮಾತು. ಪಾಲಿಯುರೆಥೇನ್ ಮಿಡ್‌ಸೋಲ್ ಇರುವ ಹೈಕಿಂಗ್ ಶೂಗಳು ಬಳಸದೆ ಇಟ್ಟರೆ ಗಾಳಿಯ ತೇವಾಂಶದಿಂದ ಒಳಗೊಳಗೇ ಶಿಥಿಲವಾಗುತ್ತವೆ. ಮಂಗಳೂರು, ಉಡುಪಿಗಳ ಹವೆಯಲ್ಲಿ ಕೆಲವು ವರ್ಷ ಪೆಟ್ಟಿಗೆಯಲ್ಲಿದ್ದ ಶೂ, ಹಾಕಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ರೊಟ್ಟಿಯಂತೆ ಪುಡಿಯಾಗಿ ಸೋಲ್ ಕಳಚಿಕೊಳ್ಳಬಹುದು. ಟ್ರೇಲ್ ಶೂಗಳಲ್ಲಿ ಹೆಚ್ಚಾಗಿ ಬಳಸುವ ಇವಿಎ ಫೋಮಿಗೆ ಈ ಕಾಟವಿಲ್ಲ.

ಊರುವ ಪಾದದ ಶೂನಲ್ಲಿ ಹಲ್ಲಿನ ಆಳ 2 ಮಿಲಿಮೀಟರಿಗಿಂತ ಕಡಿಮೆಯಾದಾಗ, ನುಣುಪು ಮಚ್ಚೆಯಲ್ಲಿ ರಬ್ಬರ್ ಹೋಗಿ ಮಿಡ್‌ಸೋಲಿನ ಫೋಮು ಇಣುಕಿದಾಗ, ಅಥವಾ ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ಶೂ ಒಂದು ಬದಿಗೆ ವಾಲಿದಾಗ, ಅದನ್ನು ಕೋರ್ಸಿಗೆ ಒಯ್ಯುವುದನ್ನು ನಿಲ್ಲಿಸಿ. ಇನ್ನೊಂದು ಕಾಲಿನದು ಹೊಸದರಂತಿದ್ದರೂ ಜೊತೆಯನ್ನೇ ಬದಲಿಸಬೇಕು, ಏಕೆಂದರೆ ಎರಡು ಪಾದಗಳ ಎತ್ತರದಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸ ಬಂದರೂ ಪಟ್ಟಿನ ಭಂಗಿ ಕೆಡುತ್ತದೆ. ಹಳೆಯ ಜೊತೆ ಹಿತ್ತಲ ಕೆಲಸಕ್ಕೆ ಇನ್ನೂ ಒಂದೆರಡು ವರ್ಷ ಬಂದೀತು.